ಸೈರನ್ನಿನ ಬಾಯಿ ಕಟ್ಟಿದ್ದು

ಚಾಮರಾಜಪೇಟೆಯ ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಕಾರ್ಖಾನೆ. ಬೆಂಕಿ ಬಿದ್ದರೆ ಕೂಗುವ ಅಲಾರಂಗಳನ್ನು ಜೋಡಿಸಿ ಕೊಡುವುದು ನನ್ನ ಕೆಲಸ. ನನ್ನ ಮೇಜು ಒರಗಿರುವ ಗೋಡೆಯ ಆಚೆ ಪಕ್ಕದ ಮನೆಯ ಅಜ್ಜಿಯ ಮಂಚ.

ಕಳೆದ ವರ್ಷ ಅಜ್ಜಿ ಹೃದಯದ ಆಪರೇಷನ್ ಮಾಡಿಸಿಕೊಂಡು ಮನೆಗೆ ಬಂದ ವಾರವೇ, ಗಾಂಧಿ ಬಜಾರಿನ ಹತ್ತಿರದ ಒಂದು ಹುಡುಗಿಯರ ಹಾಸ್ಟೆಲಿಗೆ ಮಹಡಿಗೊಂದರಂತೆ ನಾಲ್ಕು ಸೈರನ್ ಕೊಡಬೇಕಿತ್ತು. ಮೊದಲನೆಯದಕ್ಕೆ ಕರೆಂಟ್ ಕೊಟ್ಟು ನಿಮಿಷವಾಗಿರಲಿಲ್ಲ, ಅಜ್ಜಿಯ ಸೊಸೆ ಬಾಗಿಲಲ್ಲಿ ನಿಂತಿದ್ದರು. ಬೈದಿದ್ದರೆ ನಾನೂ ಬಾಯಿ ಮಾಡುತ್ತಿದ್ದೆ. ಆ ಗುಣ ನನಗಿದೆ. ಆಕೆ ಬೈಯಲಿಲ್ಲ.

"ಅತ್ತೆ ಎದೆ ಹಿಡ್ಕೊಂಡು ಎದ್ದು ಕೂತ್ಬಿಟ್ರು. ಇನ್ನೊಂದ್ಸಲ ಹಿಂಗಾದ್ರೆ ನಾನೇನ್ ಮಾಡ್ಲಿ, ಹೇಳಿ?" ಎಂದರು.

ನನಗೂ ಹೆದರಿಕೆಯಾಯಿತು. ಹಾಗಂತ ಪರೀಕ್ಷಿಸದೆ ಕೊಡುವಂತಿಲ್ಲ. ಪ್ರತಿಯೊಂದನ್ನೂ ಹತ್ತು ನಿಮಿಷ ಕೂಗಿಸಿ ನೋಡಲೇಬೇಕು. ಸೈರನ್ನಿನ ಬಾಯಿಗೆ ಹಳೆ ಪಂಚೆ ತುರುಕಿದೆ, ಮೇಲೆ ದಿಂಬು ಕಟ್ಟಿದೆ. ಅದು ಜಗ್ಗಲಿಲ್ಲ. ಕೊನೆಗೆ ಡಬ್ಬದಿಂದ ಒಂದು ರೆಸಿಸ್ಟರ್ ತೆಗೆದು ವೈರಿನ ನಡುವೆ ಸೇರಿಸಿದೆ. ಬೆರಳುದ್ದದ ಆ ಬಿಳಿ ತುಂಡು ಕರೆಂಟನ್ನು ತಡೆದು ಸ್ವಲ್ಪವೇ ಬಿಡುತ್ತದೆ. ಸದ್ದು ಸೊಳ್ಳೆಯಷ್ಟಕ್ಕೆ ಇಳಿಯಿತು.

ಇಂಥ ಗಳಿಗೆಯ ಕೆಲಸಕ್ಕೆ ಯಾರಾದರೂ ಕ್ಲಿಪ್ ಸಿಕ್ಕಿಸಿ ಸುಮ್ಮನಾಗುತ್ತಾರೆ. ಮೂರು ಸೈರನ್ನಿಗೆ ನಾನೂ ಹಾಗೇ ಮಾಡಿದೆ. ನಾಲ್ಕನೆಯದಕ್ಕೆ ಕ್ಲಿಪ್ ಎರಡು ಸಲ ಕಳಚಿಕೊಂಡಿತು. ವೈರು ವೈರಿಗೆ ತಾಗಿಬಿಟ್ಟರೆ ಪೂರಾ ಸದ್ದು, ಗೋಡೆಯಾಚೆ ಅಜ್ಜಿ. ಹೆದರಿ ಬೆಸುಗೆ ಹಾಕಿಬಿಟ್ಟೆ. ಬೆಸುಗೆಯನ್ನು ಹಾಗೇ ಬಿಟ್ಟರೆ ನನಗೆ ಸಮಾಧಾನವಿಲ್ಲ, ಮೂವತ್ತು ವರ್ಷದ ರೂಢಿ. ರೆಸಿಸ್ಟರಿನ ಮೇಲೆ ಕಪ್ಪು ಪ್ಲಾಸ್ಟಿಕ್ ಕೊಳವೆ ಎಳೆದು, ಬಿಸಿ ತಾಗಿಸಿ, ಬಿಗಿ ಮಾಡಿದೆ. ಎಷ್ಟು ಅಚ್ಚುಕಟ್ಟಾಗಿ ಬಂತೆಂದರೆ, ಪರೀಕ್ಷೆ ಮುಗಿದ ಮೇಲೆ ಅದನ್ನು ತೆಗೆಯಬೇಕೆಂಬುದೇ ನನಗೆ ಹೊಳೆಯಲಿಲ್ಲ. ಸಂಜೆ ಹಾಸ್ಟೆಲಿನ ಎಲೆಕ್ಟ್ರಿಷಿಯನ್ ಬಂದು ನಾಲ್ಕನ್ನೂ ಒಯ್ದ.

ನಾಲ್ಕನೆಯ ದಿನ ಬೆಳಿಗ್ಗೆ ಇನ್ನೊಂದು ಸೈರನ್ ಪರೀಕ್ಷೆಗೆ ಅದೇ ರೆಸಿಸ್ಟರ್ ಹುಡುಕಿದೆ. ಸಿಗಲಿಲ್ಲ. ಹೆಂಡತಿಯ ಮೇಲೆ ರೇಗಿದೆ. "ಗುಡಿಸೋವಾಗ ಸ್ವಲ್ಪ ನೋಡ್ಕೊಂಡು ಗುಡಿಸಬಾರ್ದಾ?"

"ನಿಮ್ಮ ಟೇಬಲ್ ಹತ್ರ ನಾನ್ ಯಾವತ್ತು ಬಂದಿದೀನಿ, ರೀ?" ಎಂದಳು.

ಆಗ ನೆನಪಾಯಿತು. ಅದು ನಾಲ್ಕನೆಯ ಸೈರನ್ನಿನ ಜೊತೆ ಹಾಸ್ಟೆಲಿಗೆ ಹೋಗಿತ್ತು.

ವಾರ್ಡನ್‌ಗೆ ಫೋನ್ ಮಾಡಿದೆ, ಎತ್ತಲಿಲ್ಲ. ಚಪ್ಪಲಿ ಮೆಟ್ಟಿಕೊಂಡು ಆಟೊ ಹತ್ತಿದೆ. ಆಟೊದಲ್ಲಿ ಕೂತವನಿಗೆ ಎಲ್ಲೆಲ್ಲೂ ಹೊಗೆಯ ವಾಸನೆ. ಯಾರೋ ಒಲೆ ಹಚ್ಚಿದ್ದರೂ ಬೆವರುತ್ತಿದ್ದೆ. ಮಾಡಿದ್ದುಣ್ಣೋ ಮಹರಾಯ ಅನ್ನುತ್ತಾರೆ. ಇಲ್ಲಿ ಮಾಡಿದವನು ನಾನು, ಉಣ್ಣಬೇಕಾದವರು ಯಾರದೋ ಮನೆಯ ಮಕ್ಕಳು.

ಹಾಸ್ಟೆಲ್ ಇದ್ದ ಹಾಗೇ ಇತ್ತು. ವಾರ್ಡನ್ ಗೇಟಿನ ಬಳಿ ಹಾಲಿನವನ ಜೊತೆ ಮಾತಾಡುತ್ತಿದ್ದರು. "ಮೊನ್ನೆ ಬೆಳಿಗ್ಗೆನೇ ಟೆಸ್ಟ್ ಮಾಡಿದ್ವಲ್ಲ ಸರ್, ಎಲ್ಲಾ ಚೆನ್ನಾಗಿ ಕೂಗ್ತು," ಎಂದರು. ಅವರು ನಿಂತು ಕೇಳಿದ್ದು ಕೆಳಗಿನ ಮಹಡಿಯಲ್ಲಿ. ಅವರನ್ನೂ ಕರೆದುಕೊಂಡು ಒಂದೊಂದೇ ಮಹಡಿಯ ಮುಚ್ಚಳ ಬಿಚ್ಚುತ್ತಾ ಹತ್ತಿದೆ. ನನ್ನ ಕಪ್ಪು ಕೊಳವೆ ಸಿಕ್ಕಿದ್ದು ಕೊನೆಯ ಮಹಡಿಯಲ್ಲಿ.

ಸ್ನಾನ ಮುಗಿಸಿ ಬಂದ ಹುಡುಗಿಯೊಬ್ಬಳು ನಿಂತು ನೋಡಿದಳು. "ಅಂಕಲ್, ಇದು ಸೈರನ್ನಾ? ಮೊನ್ನೆ ಗುಂಯ್ ಅಂತಿತ್ತು. ಕೆಳಗಿನ ಸದ್ದು ಆಂಬುಲೆನ್ಸು, ಇದು ಯಾರ್ದೋ ಫೋನು ಅನ್ಕೊಂಡು ನಾವೆಲ್ಲಾ ಹೊದ್ಕೊಂಡು ಮಲಗಿದ್ವಿ."

ರೆಸಿಸ್ಟರನ್ನು ಕತ್ತರಿಸಿ ತೆಗೆದು, ವೈರು ಸೇರಿಸಿ, ಮೆಟ್ಟಿಲ ಬಳಿಯ ಕೆಂಪು ಗುಂಡಿ ಒತ್ತಿ ಹಿಡಿದೆ.

ಬಾಗಿಲುಗಳು ತೆರೆದವು. ಹುಡುಗಿಯರು ಕಿವಿ ಮುಚ್ಚಿಕೊಂಡು, ಕೂದಲು ಕೆದರಿಕೊಂಡು ಓಡಿ ಬಂದರು. ಒಬ್ಬಳು ಅಳುತ್ತಿದ್ದಳು. "ಸಾಕು ಸರ್, ನಿಲ್ಸಿ! ಮಕ್ಕಳು ಹೆದರ್ಕೊಂಡಿದಾರೆ!" ಎಂದು ವಾರ್ಡನ್ ನನ್ನ ತೋಳು ಎಳೆದರು. ಕಾರಿಡಾರಿನ ಕೊನೆಯಲ್ಲಿ ಒಂದು ಬಾಗಿಲು ಇನ್ನೂ ಮುಚ್ಚಿತ್ತು. ಅದು ತೆರೆಯುವವರೆಗೆ ನಾನು ಬೆರಳು ತೆಗೆಯಲಿಲ್ಲ.