ಅಲಿಸಮ್ ಹಲಗೆ

ನಮ್ಮ ಯಜಮಾನರು ಹನುಮಯ್ಯ ವಿಜಯನಗರದ ಒಂದು ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷ ಮಾಲಿಯಾಗಿದ್ದರು. ಓದಿದ್ದು ಮೂರನೇ ಕ್ಲಾಸು. ಆದರೂ ಗಿಡಗಳ ಹೆಸರಿನ ಹಲಗೆ ಅವರೇ ಬರೆಯೋರು. ಮೇಷ್ಟ್ರು ಬರೆದುಕೊಟ್ಟ ಚೀಟಿ ನೋಡಿಕೊಂಡು ಇಂಗ್ಲಿಷ್ ಅಕ್ಷರಗಳನ್ನ ರಂಗೋಲಿ ಹಾಗೆ ಬಿಡಿಸೋರು. ಅವರಿಗೆ ಇಷ್ಟದ ಗಿಡ ಅಲಿಸಮ್. ಯಾವುದೋ ದೂರ ದೇಶದ ಸಮುದ್ರದ ದಡದ್ದಂತೆ. ಗೇಣುದ್ದ ಗಿಡ, ಚಳಿಗಾಲಕ್ಕೆ ಬಿಳಿ ಹೂ, ಜೇನಿನ ವಾಸನೆ.

ಅವರು ಹೋಗಿ ಐದು ತಿಂಗಳಾಯ್ತು. ಈಗ ಆ ಕೆಲಸ ನಾನು ಮಾಡ್ತೀನಿ. ಉಳಿದ ಹಲಗೆಗಳನ್ನೆಲ್ಲ ತೆಗೆದು ಪ್ರಿಂಟಿನದು ಹಾಕಿದ್ದಾರೆ. ಅವರ ಕೈಬರಹ ಅಂತ ಉಳಿದಿದ್ದು ಅಲಿಸಮ್ ಹಲಗೆ ಒಂದೇ. ಮೊನ್ನೆ ಸಸ್ಯಶಾಸ್ತ್ರದ ಅನು ಮೇಡಂ ಅದನ್ನೂ ಕೀಳೋಕೆ ಬಂದರು. ಮಾರನೇ ದಿನ ಇನ್ಸ್‌ಪೆಕ್ಷನ್ ಇತ್ತು.

"ಈ ಹೆಸರು ಈಗಿಲ್ಲ ಪಟಾಲಮ್ಮ. ಲೋಬುಲೇರಿಯಾ ಅಂತ ಬದಲಾಯಿಸಿ ಬಹಳ ವರ್ಷ ಆಯ್ತು."

"ಬರೆದೋರೂ ಈಗಿಲ್ಲ ಮೇಡಂ," ಅಂದೆ. ಹಲಗೆ ಹಿಡಕೊಂಡು ಅಲ್ಲೇ ಕೂತೆ.

"ಬಿಡಿ, ಪ್ರಿನ್ಸಿಪಾಲ್ರು ಬೈತಾರೆ."

"ಬೈಸಿಕೊಳ್ತೀನಿ."

ಮೇಡಂ ಬಗ್ಗಿ ಹಲಗೆ ಮೇಲಿನ ಅಕ್ಷರ ನೋಡಿದರು. ಆಮೇಲೆ, "ನಮ್ಮ ಪುಸ್ತಕದಲ್ಲೂ ಹಳೇ ಹೆಸರು ಅಳಿಸಲ್ಲ, ಹೊಸದರ ಕೆಳಗೆ ಬರೀತೀವಿ" ಅಂದರು. ತಂದಿದ್ದ ಹೊಸ ಹಲಗೆಯನ್ನ ಅದೇ ಕೋಲಿಗೆ, ಹಳೇದು ಮುಚ್ಚದ ಹಾಗೆ ಮೇಲ್ಗಡೆ ಇಟ್ಟು ಸುತ್ತಿಗೆ ತಗೊಂಡರು. ಮೊಳೆ ಪೂರ್ತಿ ಇಳಿಯೋವರೆಗೂ ನಾನು ಕೈ ಬಿಡಲಿಲ್ಲ.