ನಿಧಾನಕ್ಕೆ ತಿರುಗಿದ ಪ್ಲೇಟು

ಹೋದ ಭಾನುವಾರ ನನ್ನ ತಮ್ಮನ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಬಂದದ್ದು ಮನೆಗಲ್ಲ, ಕಾರ್ಡ್ ರೋಡಿನ ಒಂದು ಹೋಟೆಲಿಗೆ. ಸೋದರತ್ತೆ ಎಂಬ ಗತ್ತಿನಲ್ಲಿ ನಾನು ರೇಷ್ಮೆ ಸೀರೆ ಉಟ್ಟು ಹೋದೆ. ಹುಡುಗ ಟೀ ಶರ್ಟಿನಲ್ಲಿ ಬಂದಿದ್ದ. ಇಡ್ಲಿ ತಿಂದೆವು, ಕಾಫಿ ಕುಡಿದೆವು. ಮಕ್ಕಳಿಬ್ಬರೂ ಬೇರೆ ಮೇಜಿಗೆ ಹೋಗಿ ನಗುನಗುತ್ತ ಮಾತಾಡಿ ಬಂದರು. ಎಲ್ಲ ಚೆನ್ನಾಗಿಯೇ ನಡೆಯಿತು. ಆದರೂ ಏಳುವ ಹೊತ್ತಿಗೆ ನನಗೆ ಒಗ್ಗರಣೆ ಮರೆತ ಸಾರು ಉಂಡಂತಾಗಿತ್ತು. ಏನು ಕಮ್ಮಿಯಾಯಿತು ಎಂದು ಆಟೋದಲ್ಲಿ ಕೂತು ಯೋಚಿಸಿದೆ. "ಒಂದು ಹಾಡು ಹೇಳಮ್ಮಾ" ಎಂದು ಯಾರೂ ಹುಡುಗಿಯನ್ನು ಕೇಳಿರಲಿಲ್ಲ.

ನಿಮ್ಮ ಮನೆಗಳಲ್ಲಿ ಹೇಗಿತ್ತೋ, ಎಪ್ಪತ್ತರ ದಶಕದ ರಾಜಾಜಿನಗರದ ನಮ್ಮ ಮನೆಯಲ್ಲಿ ಹಾಡು ಬಾರದ ಹುಡುಗಿಗೆ ಗಂಡು ಸಿಗುವುದಿಲ್ಲ ಎಂದು ಅಜ್ಜಿ ಬಲವಾಗಿ ನಂಬಿದ್ದರು. ಅವರ ಚಿಂತೆಯೆಲ್ಲ ಸರೋಜತ್ತೆಯದು. ಸರೋಜತ್ತೆ ಅಪ್ಪನ ಕೊನೆಯ ತಂಗಿ, ನಮ್ಮ ಜೊತೆಯಲ್ಲೇ ಇದ್ದಳು. ನಮ್ಮದು ಚಿತ್ರದುರ್ಗದ ಕಡೆಯಿಂದ ಬಂದ ಮನೆತನ. ಅಪ್ಪನಿಗೆ ಸರ್ಕಾರಿ ಕೆಲಸ, ಅಜ್ಜಿಗೆ ಶಿವಪೂಜೆ. ಮನೆಯಲ್ಲಿ ರೇಡಿಯೊ ಇದ್ದದ್ದು ವಾರ್ತೆ ಕೇಳಲಿಕ್ಕೆ. ವಾರ್ತೆ ಮುಗಿದದ್ದೇ ಅಜ್ಜಿ ಅದರ ಕಿವಿ ಹಿಂಡಿ, ಮೇಲೊಂದು ಕಸೂತಿ ಬಟ್ಟೆ ಮುಚ್ಚುತ್ತಿದ್ದರು. ಸಿನಿಮಾ ಹಾಡು ಹೊಸ್ತಿಲು ದಾಟಿ ಒಳಗೆ ಬರಕೂಡದು.

ಹೊಸ್ತಿಲು ದಾಟದಿದ್ದರೇನು, ಮಹಡಿ ಇತ್ತಲ್ಲ. ಮಾಗಡಿ ರಸ್ತೆಯ ಕಡೆ ಬಯಲಿನಲ್ಲಿ ಒಂದು ಟೆಂಟ್ ಸಿನಿಮಾ ಇತ್ತು. ಸಂಜೆ ಆಟಕ್ಕೆ ಮುಂಚೆ ಅವರು ಕಂಬಕ್ಕೆ ಕಟ್ಟಿದ ಸ್ಪೀಕರಿನಲ್ಲಿ ಗ್ರಾಮಫೋನ್ ಪ್ಲೇಟು ಹಾಕುತ್ತಿದ್ದರು. ಮೊದಲು ದೇವರದು, ಆಮೇಲೆ ಸಿನಿಮಾದ್ದು. ಒಣಗಿದ ಬಟ್ಟೆ ತರುವ ನೆಪದಲ್ಲಿ ಅತ್ತೆ ಮಹಡಿ ಹತ್ತುವಳು, ಅವಳ ಹಿಂದೆ ನಾನು. ಇಬ್ಬರು ಸೇರಿ ನಾಲ್ಕು ಟವೆಲು ಮಡಿಸುವಷ್ಟರಲ್ಲಿ ಕತ್ತಲಾಗುತ್ತಿತ್ತು.

ಇಲ್ಲೊಂದು ವಿಷಯ ಹೇಳಬೇಕು. ಆಗ ಸಂಜೆಯಾಗಿ ಮನೆಮನೆಯಲ್ಲೂ ದೀಪ ಹತ್ತಿದ ಕೂಡಲೇ ನಮ್ಮ ಕಡೆ ವೋಲ್ಟೇಜು ಇಳಿಯುತ್ತಿತ್ತು. ಬಲ್ಬು ಕೆಂಪಗಾಗುವುದು, ಫ್ಯಾನು ಎಣಿಸಿಕೊಂಡು ತಿರುಗುವುದು. ಟೆಂಟಿನ ಪ್ಲೇಟಿಗೂ ಅದೇ ಗತಿ. ಎಂಥ ಕುಣಿತದ ಹಾಡಾದರೂ ಎಳೆದೆಳೆದು, ತಗ್ಗಿದ ಧ್ವನಿಯಲ್ಲಿ, ಅರ್ಧ ಮಾತು ಗಾಳಿಗೆ ಹೋಗಿ ನಮ್ಮ ಮಹಡಿ ತಲುಪುತ್ತಿತ್ತು. ಹಾಡೆಂದರೆ ಹೀಗೇ ಇರುತ್ತದೆ ಎಂದುಕೊಂಡಿದ್ದೆವು. ಸಿನಿಮಾದವರಿಗೆ ಎಷ್ಟೊಂದು ದುಃಖ ಎಂದು ನಾನು ಮರುಗಿದ್ದೂ ಉಂಟು.

ಅವುಗಳಲ್ಲಿ ಒಂದು ಹಾಡು ಅತ್ತೆಯ ಪ್ರಾಣವಾಯಿತು. ಮಾತು ಹಿಡಿಯಲಾಗುತ್ತಿರಲಿಲ್ಲ, ಧಾಟಿ ಮಾತ್ರ ಪೂರಾ ಬಂತು. ಅದನ್ನು ಮನೆಯೊಳಗೆ ಹಾಡಲು ಅತ್ತೆ ಒಂದು ಉಪಾಯ ಕಂಡುಕೊಂಡಳು. ಅಜ್ಜಿ ಬಾಯಿಪಾಠ ಮಾಡಿಸಿದ್ದ ಒಂದು ವಚನವನ್ನು ಆ ಧಾಟಿಯಲ್ಲಿ ಕೂರಿಸಿದಳು. ಹಾವೂ ಸತ್ತಿತು, ಕೋಲೂ ಮುರಿಯಲಿಲ್ಲ. ಪಾತ್ರೆ ತೊಳೆಯುತ್ತ ಅವಳು ಅದನ್ನು ಹಾಡಿದರೆ ಅಜ್ಜಿ ಪೂಜೆಯ ಮಣೆಯಿಂದಲೇ "ನಮ್ ಸರೋಜಂಗೆ ಎಷ್ಟು ಭಕ್ತಿ ನೋಡ್ರೇ" ಎನ್ನುತ್ತಿದ್ದರು.

ಆದರೆ ಹೊರಗಿನವರ ಎದುರು ಅತ್ತೆಗೆ ಧ್ವನಿಯೇ ಹೊರಡುತ್ತಿರಲಿಲ್ಲ. ಹಿಂದೊಮ್ಮೆ ನೋಡಲು ಬಂದವರೆದುರು, ಸಂಗೀತದ ಮೇಷ್ಟ್ರು ಕಲಿಸಿದ್ದನ್ನು ಹಾಡಹೋಗಿ, ಬಾಯಿ ತೆರೆದವಳು ಹಾಗೇ ಕೂತುಬಿಟ್ಟಿದ್ದಳು. ಹುಡುಗಿಗೆ ಮಾತು ಬರುತ್ತದೋ ಇಲ್ಲವೋ ಎಂದು ಅವರು ಬೀದಿಯಲ್ಲಿ ವಿಚಾರಿಸಿ ಹೋದರಂತೆ. ಆಮೇಲೆ ದಾವಣಗೆರೆಯ ಸಂಬಂಧವೊಂದು ಬಂತು. ಹುಡುಗ ಇಲ್ಲೇ ಪೀಣ್ಯದಲ್ಲಿ ಕೆಲಸದಲ್ಲಿದ್ದ. ಹಿಂದಿನ ದಿನ ಅವನು ಮನೆ ಗುರುತು ಮಾಡಿಕೊಳ್ಳಲು ಸೈಕಲ್ಲಿನಲ್ಲಿ ಬೀದಿ ಸುತ್ತಿದ್ದನ್ನು ಅತ್ತೆ ಮಹಡಿಯಿಂದ ನೋಡಿದ್ದಳು, ಮೆಚ್ಚಿದ್ದಳು. ಹಾಗಾಗಿ ಭಯ ಹೆಚ್ಚಾಗಿತ್ತು.

"ಈ ಸಲಾನೂ ಗಂಟಲು ಕಟ್ಕೊಂಡ್ರೆ ಏನ್ಮಾಡ್ಲೇ?" ಎಂದು ನನ್ನನ್ನು ಕೇಳಿದಳು. ಫ್ರಾಕು ಹಾಕುವ ವಯಸ್ಸಿನ ನನ್ನ ಸಲಹೆ ಕೇಳುವಷ್ಟು ಕಷ್ಟದಲ್ಲಿದ್ದಳು ಪಾಪ.

"ಕಣ್ಣು ಮುಚ್ಕೊಂಡು, ಮಹಡಿ ಮೇಲಿದೀನಿ ಅಂದ್ಕೋ. ನಮ್ ಹಾಡೇ ಹೇಳು" ಎಂದೆ.

ಮಧ್ಯಾಹ್ನ ಅವರು ಬಂದರು. ಹುಡುಗನ ತಂದೆ ಹಣೆಗೆ ವಿಭೂತಿ ಧರಿಸಿದ್ದ ಗಂಭೀರ ಮನುಷ್ಯ, ನಗುವ ಅಭ್ಯಾಸ ಇದ್ದಂತಿರಲಿಲ್ಲ. ಉಪ್ಪಿಟ್ಟು, ಕೇಸರಿಬಾತು ಬಂತು. "ಒಂದು ಹಾಡು ಹೇಳಮ್ಮಾ" ಎಂಬ ಮಾತೂ ಬಂತು. ಅಜ್ಜಿ ಉಸಿರು ಬಿಗಿಹಿಡಿದರು. ಚಾಪೆಯ ಮೇಲೆ ಕೂತಿದ್ದ ಅತ್ತೆ ಕಣ್ಣು ಮುಚ್ಚಿದಳು. ಆಮೇಲೆ ಧ್ವನಿ ಹೊರಟಿತು. ಅದೇ ವಚನ, ಅದೇ ಎಳೆತ. ಬಾಗಿಲ ಸಂದಿಯಿಂದ ನೋಡುತ್ತಿದ್ದ ನನಗೆ ಹೆಮ್ಮೆಯಿಂದ ಎದೆ ತುಂಬಿತು.

ಹುಡುಗ ಮಾತ್ರ ಮೊದಲ ಸಾಲಿಗೇ ಚಮಚ ಕೆಳಗಿಟ್ಟ. ತಲೆ ತಗ್ಗಿಸಿದ. ಅವನ ಭುಜ ಅಲ್ಲಾಡತೊಡಗಿತು. ಎಂಥ ದೈವಭಕ್ತ ಎಂದುಕೊಂಡರು ನಮ್ಮವರು. ಸ್ವಲ್ಪ ಹೊತ್ತಿಗೆ ಅವನು ತಂದೆಯ ಕಡೆ ತಿರುಗಿದ, ಅಲ್ಲಾಡುತ್ತಿದ್ದ ಭುಜ ನಿಂತುಹೋಯಿತು. ಆ ಹಿರಿಯರು ಶಲ್ಯದ ತುದಿಯಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಹಾಡು ಮುಗಿದ ಮೇಲೆ "ಮುಹೂರ್ತ ನೋಡಿಸ್ರಿ" ಎಂದಷ್ಟೇ ಹೇಳಿದರು. ಹುಡುಗನನ್ನು ಯಾರೂ ಏನೂ ಕೇಳಲಿಲ್ಲ. ಆಗ ಕೇಳುವ ಪದ್ಧತಿಯೂ ಇರಲಿಲ್ಲ.

ಮದುವೆಯಾಗಿ ಕೆಲವು ತಿಂಗಳಾದ ಮೇಲೆ ಮಾವ, ಅಂದರೆ ಆ ಹುಡುಗ, ಅತ್ತೆಯನ್ನೂ ನನ್ನನ್ನೂ ಅದೇ ಟೆಂಟಿಗೆ ಸಿನಿಮಾ ತೋರಿಸಲು ಕರೆದುಕೊಂಡು ಹೋದರು. ಯಾವ ಸಿನಿಮಾ ಎಂದು ಹೇಳಲಿಲ್ಲ. ನಾನು ನೆಲದ ಮರಳು ಗುಡ್ಡೆ ಮಾಡಿಕೊಂಡು ಕೂತೆ. ಆಟಕ್ಕೆ ಟೆಂಟಿನವರು ಜನರೇಟರು ಹಾಕುತ್ತಿದ್ದರು, ವೋಲ್ಟೇಜಿನ ಕಾಟವಿರಲಿಲ್ಲ. ಅರ್ಧ ಸಿನಿಮಾ ಆದ ಮೇಲೆ ಪರದೆಯ ಮೇಲೆ ಒಬ್ಬ ಡೊಳ್ಳುಹೊಟ್ಟೆಯ ಕುಡುಕ ಬಂದ. ದೀಪದ ಕಂಬ ತಬ್ಬಿಕೊಂಡ, ಬೀದಿನಾಯಿಗೆ ಕೈಮುಗಿದ, ಹಾಡಲು ಶುರುಮಾಡಿದ. ನಮ್ಮ ಹಾಡು! ಅದೂ ಕುದುರೆ ಓಟದಲ್ಲಿ, ಸಾಲಿಗೊಂದು ಬಿಕ್ಕಳಿಕೆ ಸೇರಿಸಿ. ಟೆಂಟಿನ ಜನರೆಲ್ಲ ಶಿಳ್ಳೆ ಹಾಕಿದರು. ಅತ್ತೆ ಸೆರಗು ಬಾಯಿಗಿಟ್ಟುಕೊಂಡು ಕಲ್ಲಾಗಿ ಕೂತಳು.

"ನಿಮಗೆ ಅವತ್ತೇ ಗೊತ್ತಿತ್ತಾ?" ಎಂದು ಕೊನೆಗೆ ಕೇಳಿದಳು.

"ಮೊದಲನೇ ಸಾಲಿಗೇ ಗೊತ್ತಾಯ್ತು" ಎಂದರು ಮಾವ. "ನಗು ತಡೆಯೋಕಾಗ್ಲಿಲ್ಲ. ಆಮೇಲೆ ಅಪ್ಪನ್ನ ನೋಡಿದೆ. ಅಮ್ಮ ಹೋದಾಗ್ಲೂ ಅವರು ಅತ್ತಿರ್ಲಿಲ್ಲ, ಸರೋಜ."

ಅತ್ತೆ ಮತ್ತೆ ಪರದೆಯ ಕಡೆ ತಿರುಗಿದಳು. ಆಮೇಲೆ ಒಳಗಿನಿಂದ ನಗು ಉಕ್ಕಿಬಂತು. ಮೂವರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಮನೆಗೆ ನಡೆದು ಬರುವಾಗ ನನ್ನ ಕೈ ಹಿಡಿದುಕೊಂಡು, "ಹಾಡು ಸರಿಯಾಗೇ ಇದೆ ಕಣೇ. ಸಿನಿಮಾದವ್ರೇ ಅದನ್ನ ತಗೊಂಡ್ಹೋಗಿ ಕುಡುಕಂಗೆ ಕೊಟ್ಟಿದಾರೆ" ಎಂದಳು. ನನಗೆ ಇವತ್ತಿಗೂ ಅದು ಸರಿ ಎನಿಸುತ್ತದೆ. ಹಾಡಿನಲ್ಲಿ ಅಳುವೂ ಇತ್ತು, ನಗುವೂ ಇತ್ತು. ಟೆಂಟಿನವರಿಗೆ ಒಂದು ಸಿಕ್ಕಿತು, ನಮ್ಮ ಮಹಡಿಗೆ ಇನ್ನೊಂದು. ಅತ್ತೆಯ ಮಾವನವರು ಬದುಕಿರುವವರೆಗೂ ಸೋಮವಾರದ ಪೂಜೆಗೆ ಆ ವಚನವನ್ನು ಆ ಧಾಟಿಯಲ್ಲೇ ಹೇಳಿಸಿಕೊಂಡರು. ಅವರಿಗೆ ಯಾರೂ ನಿಜ ಹೇಳಲಿಲ್ಲ. ಹೇಳಿದ್ದರೂ ಅವರು ಅತ್ತದ್ದೇನೂ ಸುಳ್ಳಾಗುತ್ತಿರಲಿಲ್ಲ.

ಇಷ್ಟೆಲ್ಲ ನೆನಪಾಗಿ, ಆಟೋದವನಿಗೆ ಬಸವೇಶ್ವರನಗರಕ್ಕೆ ತಿರುಗಿಸಲು ಹೇಳಿದೆ. ಅತ್ತೆ ಹಾಲಿನಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದಳು. ಮಾವ ಪೇಪರು ಓದುತ್ತಿದ್ದರು.

"ಯಾರೂ ಹಾಡು ಹೇಳು ಅನ್ಲೇ ಇಲ್ಲ ಅತ್ತೆ. ಎಂಥ ಕಾಲ ಬಂತು" ಎಂದು ದೂರಿದೆ.

"ಒಳ್ಳೇದೇ ಆಯ್ತು ಬಿಡು" ಎಂದಳು ಅತ್ತೆ. "ನಿಂಗೇನ್ ಗೊತ್ತು. ನಂಗವತ್ತು ಕಾಲು ಹೇಗೆ ನಡುಗ್ತಿತ್ತು ಅಂದ್ರೆ, ಸೀರೆ ಇದ್ದಿದ್ದಕ್ಕೆ ಮರ್ಯಾದೆ ಉಳೀತು. ಹಾಡ್ಬೇಕು ಅನ್ನಿಸಿದಾಗ ಹಾಡ್ಲಿ ಆ ಮಗು."

ನಾನು ಪೆಚ್ಚಾದೆ. ಇಷ್ಟು ವರ್ಷ ಆ ಮಧ್ಯಾಹ್ನವನ್ನು ನಾನು ಬಾಗಿಲ ಸಂದಿಯಿಂದಲೇ ನೋಡುತ್ತಿದ್ದೆ, ಚಾಪೆಯ ಮೇಲೆ ಕೂತವಳ ಕಡೆಯಿಂದ ನೋಡಿಯೇ ಇರಲಿಲ್ಲ.

"ನಿಂಗೀಗ ಅನ್ನಿಸ್ತಿದ್ಯಾ?" ಎಂದು ಮೆತ್ತಗೆ ಕೇಳಿದೆ.

ಅತ್ತೆ ಸೊಪ್ಪಿನ ತಟ್ಟೆ ಪಕ್ಕಕ್ಕೆ ಸರಿಸಿದಳು. ಈ ಸಲ ಕಣ್ಣು ಮುಚ್ಚಲಿಲ್ಲ. ಹಾಡಿದ್ದು ವಚನವೂ ಅಲ್ಲ. ಸಿನಿಮಾದ ಮಾತುಗಳನ್ನೇ, ಕುಡುಕನ ಮಾತುಗಳನ್ನೇ, ನಮ್ಮ ಮಹಡಿಯ ನಿಧಾನದಲ್ಲಿ ಒಂದೂ ಬಿಡದೆ ಹಾಡಿದಳು. ನಗು ಬರಬೇಕಿತ್ತು. ನನ್ನ ಕಣ್ಣು ತುಂಬಿತು.

ಹಾಡು ಮುಗಿಯಿತು. ಮಾವ ಪೇಪರು ಮಡಿಸಿಟ್ಟು, ಅತ್ತೆಯನ್ನು ನೋಡಿ, ನನಗೆ ಹೇಳಿದರು:

"ನಮಗೆ ಹುಡುಗಿ ಒಪ್ಪಿಗೆ."