ಯಂತ್ರಕ್ಕೆ ಜಾಣ ಕುರುಡು ಕಲಿಸುವ ಮಸಿಯಕ್ಕ

"ಸ್ವಲ್ಪ ಎಡಕ್ಕೆ. ಅಯ್ಯೋ, ನಿನ್ನ ಎಡ ಅಲ್ಲ ಕಣೋ, ಬಿಲ್ಲೆಯ ಎಡ!"

"ದುಂಡಗಿರೋದಕ್ಕೆ ಎಡ ಯಾವುದು, ಬಲ ಯಾವುದು ಅಕ್ಕ?"

"ನನ್ನನ್ನ ನೋಡ್ಕೊಂಡು ದುಂಡಗೆ ಅಂದ್ಯೋ, ಬಿಲ್ಲೆ ನೋಡ್ಕೊಂಡು ಅಂದ್ಯೋ?"

ಸ್ಟೂಲಿನ ಮೇಲೆ ನಿಂತವನು ನಗು ತಡೆಯಲಾರದೆ ಅಲುಗಾಡುತ್ತಾನೆ. ಅವನ ಕೈಯಲ್ಲಿರುವ ಉಂಗುರದಾಕಾರದ ದೀಪವೂ ಅಲುಗಾಡುತ್ತದೆ. ಎದುರಿನ ಕಂಪ್ಯೂಟರ್ ಪರದೆಯಲ್ಲಿ ಊಟದ ತಟ್ಟೆಯಷ್ಟು ದೊಡ್ಡದಾಗಿ ಕಾಣುತ್ತಿರುವ ಲೋಹದ ಬಿಲ್ಲೆಯ ಮೇಲೆ ಬಿಳಿ ಹೊಳಪೊಂದು ಮೀನಿನ ಹಾಗೆ ಜಾರಿ ಓಡುತ್ತದೆ. ಮೌಸ್ ಹಿಡಿದು ಕೂತ ಹೆಂಗಸು ಅದನ್ನು ಬೆನ್ನಟ್ಟುವುದಿಲ್ಲ. ಬೆರಳೆತ್ತಿ ಕಾಯುತ್ತಾರೆ. ಹೊಳಪು ಒಂದು ಕಡೆ ನಿಂತ ಮೇಲೆ ಮೂಗಿನ ಮೇಲಿನ ಕನ್ನಡಕ ಸರಿಪಡಿಸಿಕೊಂಡು ಹೇಳುತ್ತಾರೆ: "ಇಲ್ಲ, ಇನ್ನೂ ಅದೇ ಜಾಗದಲ್ಲಿ ಕೂತಿದೆ. ಮೊಂಡು."

ಹೊರಗೆ ಪೂರ್ತಿ ಬೆಳಗಾಗಿಲ್ಲ. ಗೇಟಿನ ದೀಪ ಆರಿಲ್ಲ. ರಾತ್ರಿ ಪಾಳಿ ಮುಗಿಸಿದವರು ಸೈಕಲ್ ಸ್ಟ್ಯಾಂಡಿನಲ್ಲಿ ಆಕಳಿಸುತ್ತಾ ಬೀಗದ ಕೈ ಹುಡುಕುತ್ತಿದ್ದಾರೆ. ಒಳಗೆ, ಶೆಡ್ಡಿನ ಮೂಲೆಯಲ್ಲಿ ಕಪ್ಪು ಬಟ್ಟೆ ಇಳಿಬಿಟ್ಟು ಮಾಡಿದ ಒಂದು ಗೂಡು. ಎರಡು ಕಪಾಟಿನಷ್ಟು ಅಗಲ. ಅದರೊಳಗೆ ಒಂದು ಕ್ಯಾಮೆರಾ, ಅದರ ಕೆಳಗೆ ಹರಿಯುವ ಬೆಲ್ಟು, ಒಂದು ಕಂಪ್ಯೂಟರು, ಒಂದು ಕುರ್ಚಿ. ಕುರ್ಚಿಯಲ್ಲಿರುವವರು ಬಿಲ್ಲೆಯ ಚಿತ್ರದ ಮೇಲೆ ಅಲ್ಲಲ್ಲಿ ಕಪ್ಪು ಬಳಿಯುವವರು. ಕಾರ್ಖಾನೆಯಲ್ಲಿ ಎಲ್ಲರಿಗೂ ಮಸಿಯಕ್ಕ. ಸ್ಟೂಲಿನ ಮೇಲಿರುವವನು ದೀಪಗಳ ಉಸ್ತುವಾರಿಯವನು, ವಯಸ್ಸಿನಲ್ಲಿ ಚಿಕ್ಕವನಾದರೂ ಎಲ್ಲರ ಬಾಯಲ್ಲಿ ಲೈಟಣ್ಣ.

ಇವರಿಬ್ಬರ ಕೈಯಡಿ ಹಾದುಹೋಗುವ ಬಿಲ್ಲೆ ಅಂಗಿಯ ಗುಂಡಿಗಿಂತ ಕೊಂಚ ದೊಡ್ಡದು. ಪ್ರೆಶರ್ ಕುಕ್ಕರಿನ ಮುಚ್ಚಳದಲ್ಲಿ, ಸೀಟಿಯಿಂದ ಸ್ವಲ್ಪ ದೂರದಲ್ಲಿ, ಯಾರ ಗಮನಕ್ಕೂ ಬಾರದೆ ಕೂರುವಂಥದ್ದು. ಅದರ ಮೈಮೇಲೆ ಕೂದಲೆಳೆಯಂಥ ಒಂದು ವೃತ್ತಾಕಾರದ ಗೀರು ಇದೆ. ಒಳಗಿನ ಉಗಿ ಮಿತಿಮೀರಿದರೆ ಬಿಲ್ಲೆ ಆ ಗೀರಿನ ಗುಂಟ ಒಡೆದು ಉಗಿಗೆ ದಾರಿ ಬಿಡುತ್ತದೆ. ಗೀರು ಎಲ್ಲಾದರೂ ತೆಳುವಾಗಿ ಬಿದ್ದಿದ್ದರೆ ಬಿಲ್ಲೆ ಒಡೆಯುವುದಿಲ್ಲ, ಮುಚ್ಚಳ ಹಾರುತ್ತದೆ. ಎದುರಿಗೆ ಯಾರು ನಿಂತಿರುತ್ತಾರೋ ಅವರ ಮುಖಕ್ಕೆ.

ಈ ಗೀರನ್ನು ನೋಡುವುದು ಈಗ ಯಂತ್ರದ ಕೆಲಸ. ಅದಕ್ಕೆ ಕಲಿಸುವ ರೀತಿ ಕೇಳಲು ಸುಲಭ. ಸರಿಯಾದ ಒಂದು ಬಿಲ್ಲೆಯ ಚಿತ್ರ ತೆಗೆದು "ನೋಡಿಕೋ, ಹೀಗಿರಬೇಕು" ಎಂದು ತೋರಿಸಬೇಕು. ಆಮೇಲೆ ಬರುವ ಪ್ರತಿಯೊಂದನ್ನೂ ಅದು ಆ ಚಿತ್ರದೊಂದಿಗೆ ಹೋಲಿಸುತ್ತದೆ. ಹೋಲದಿದ್ದರೆ ಉಫ್ ಎಂದು ಗಾಳಿಯೂದಿ ಕೆಂಪು ಡಬ್ಬಿಗೆ ತಳ್ಳುತ್ತದೆ. ತೊಂದರೆ ಏನೆಂದರೆ, ಯಂತ್ರ ಎಲ್ಲವನ್ನೂ ನಂಬುತ್ತದೆ. ಚಿತ್ರದಲ್ಲಿ ಒಂದು ಹನಿ ಎಣ್ಣೆಯಿದ್ದರೆ ಎಣ್ಣೆಯೂ ಬಿಲ್ಲೆಯ ಭಾಗವೆಂದೇ ಕಲಿಯುತ್ತದೆ. ಬ್ಯಾಚಿನ ಸಂಖ್ಯೆ, ಬೆಲ್ಟಿನ ಹೊಲಿಗೆಯ ನೆರಳು, ದೀಪದ ಹೊಳಪು ಎಲ್ಲವೂ ಅದಕ್ಕೆ ಪಾಠ. ಹಾಗಾಗಿ ಯಾವುದನ್ನು ನೋಡಬಾರದೋ ಅದರ ಮೇಲೆ ಮೊದಲೇ ಕಪ್ಪು ಬಳಿಯಬೇಕು. ಆ ಕಪ್ಪಿಗೆ ಇಲ್ಲಿನವರು ಮಾಸ್ಕ್ ಎನ್ನುತ್ತಾರೆ.

"ಜಾಣ ಕುರುಡು ಅಂತೀವಲ್ಲ, ಅದನ್ನ ಕಲಿಸೋದು" ಎಂದು ವಿವರಿಸುತ್ತಾರೆ ಮಸಿಯಕ್ಕ. "ನಮ್ಮತ್ತೆಗೆ ಯಾರೂ ಕಲಿಸ್ಲಿಲ್ಲ, ಹುಟ್ಟಿನಿಂದ ಬಂದಿದೆ. ನಾನು ಒಗೆದ ಬಕೆಟ್ ಬಟ್ಟೆ ಕಾಣಲ್ಲ, ಒಗೆಯದ ಒಂದು ಟವಲ್ ಕಾಣುತ್ತೆ. ಯೋಚನೆ ಮಾಡಿದ್ರೆ, ಒಳ್ಳೇ ಯಂತ್ರ ನಮ್ಮತ್ತೆ."

ಅತ್ತೆಯೂ ಬಿಟ್ಟುಕೊಡುವವರಲ್ಲ. ಮನೆ ಇರುವುದು ಸೈಕಲ್ ರಿಪೇರಿ ಅಂಗಡಿಯ ಮೇಲೆ, ಎರಡು ಕೋಣೆ, ಒಂದು ಉದ್ದನೆಯ ಬಾಲ್ಕನಿ. ಮಗ ಶಾಲಾ ವ್ಯಾನ್ ಓಡಿಸುತ್ತಾನೆ, ಮೊಮ್ಮಗಳು ಬಾಲ್ಕನಿಯ ತುದಿಯಲ್ಲಿ ಕಿವಿ ಮುಚ್ಚಿಕೊಂಡು ಗಟ್ಟಿಯಾಗಿ ಓದುತ್ತಾಳೆ. ಸೊಸೆಗೆ ಏನು ಕೆಲಸ ಎಂದು ಪಕ್ಕದ ಮನೆಯವರು ಕೇಳಿದರೆ ಅತ್ತೆಯ ಉತ್ತರ ಸಿದ್ಧ: "ಕಂಪ್ಯೂಟರಿಗೆ ಮಸಿ ಬಳಿದು ಸಂಬಳ ತರ್ತಾಳೆ. ಪಾತ್ರೆಗೆ ಹಿಡಿದ ಮಸಿ ಮಾತ್ರ ನಾನು ತಿಕ್ಕಬೇಕು."

ಈ ಕೆಲಸಕ್ಕೆ ಬರುವ ಮುನ್ನ ಮಸಿಯಕ್ಕ ಒಂದು ಫೋಟೋ ಸ್ಟುಡಿಯೋದ ಹಿಂಬದಿಯ ಕೋಣೆಯಲ್ಲಿದ್ದವರು. ಮೊಡವೆ ತೆಗೆಯುವುದು, ಮುಚ್ಚಿದ ಕಣ್ಣು ತೆರೆಸುವುದು, ಗುಂಪಿನ ಫೋಟೋಗೆ ಬಾರದ ಅಣ್ಣನನ್ನು ಕೊನೆಯ ಸಾಲಿನಲ್ಲಿ ನಿಲ್ಲಿಸುವುದು. ಮದುವೆಯಾಗಿ ಮಗಳು ಹುಟ್ಟಿ ಆ ಮಗಳು ಶಾಲೆಗೆ ಹೋಗುವವರೆಗೂ ಅದೇ ಕೆಲಸ. ಆಮೇಲೆ ಎಲ್ಲರ ಕೈಗೂ ಫೋನು ಬಂತು. ಮೊಡವೆಗಳನ್ನು ಜನ ತಾವೇ ತೆಗೆದುಕೊಳ್ಳತೊಡಗಿದರು. ಸ್ಟುಡಿಯೋ ಬಾಗಿಲು ಹಾಕಿತು.

"ಒಬ್ಬರು ಅಮ್ಮನ ಫೋಟೋ ತಂದು, ಸುಕ್ಕೆಲ್ಲ ತೆಗೀರಿ ಅಂದ್ರು. ತೆಗೆದೆ. ಚೆನ್ನಾಗೇ ತೆಗೆದೆ. ಮಾರನೇ ದಿನ ಬಂದು, ಇವರು ಯಾರೋ ಗೊತ್ತಿಲ್ಲ, ನಮ್ಮಮ್ಮನ್ನ ವಾಪಸ್ ಕೊಡಿ ಅಂತ ಕೂತುಬಿಟ್ರು. ಮೂಲ ಪ್ರತಿ ಇಟ್ಕೊಂಡಿದ್ದೆ, ಬಚಾವಾದೆ." ಅಲ್ಲಿ ಊನ ಮುಚ್ಚುವುದು ಕೆಲಸ. ಇಲ್ಲಿ ಊನವೊಂದೇ ಕಾಣಲಿ ಎಂದು ಮಿಕ್ಕಿದ್ದನ್ನು ಮುಚ್ಚುವುದು ಕೆಲಸ. ಕೈ ಅದೇ, ಮೌಸ್ ಅದೇ. ಬುದ್ಧಿಯನ್ನು ಮಾತ್ರ ಒಳಗಿನಿಂದ ಹೊರಕ್ಕೆ ತಿರುಗಿಸಿದ ಕೈಚೀಲದ ಹಾಗೆ ಮಗುಚಬೇಕಾಯಿತು.

ಕಾರ್ಖಾನೆಗೆ ಅವರು ಸೇರಿದ್ದು ಪ್ಯಾಕಿಂಗ್ ಮೇಜಿಗೆ. ರಟ್ಟಿನ ಡಬ್ಬಿ ಮಡಚುವುದು, ಬಿಲ್ಲೆ ತುಂಬುವುದು, ಟೇಪ್ ಹಚ್ಚುವುದು. ಕ್ಯಾಮೆರಾ ಬಂದಾಗ ಚಿತ್ರ ತಿದ್ದಲು ಬರುವವರು ಯಾರಿದ್ದೀರಿ ಎಂದು ಮ್ಯಾನೇಜರು ಕೇಳಿದರು. ಎದ್ದ ಕೈ ಒಂದೇ. ಈಗ ದಿನಕ್ಕೆ ಸುಮಾರು ಹನ್ನೆರಡು ಸಾವಿರ ಬಿಲ್ಲೆಗಳು ಆ ಕ್ಯಾಮೆರಾದಡಿ ಸಾಗುತ್ತವೆ. ಮಸಿಯಕ್ಕನ ಕೈಯಿಂದ ದಿನಕ್ಕೆ ಹೊರಡುವ ಮಾಸ್ಕುಗಳು ಒಂದೋ ಎರಡೋ. ಬೆಲ್ಟು ಬದಲಾದರೆ ಹೊಸದು, ದೀಪ ಮಂಕಾದರೆ ಹೊಸದು, ಅಚ್ಚು ಸವೆದರೆ ಹೊಸದು. ಒಂದೊಂದು ಮಾಸ್ಕೂ ಅಂಚು ಬಿಡದೆ, ಅಂಚು ದಾಟದೆ ಬರಬೇಕು. ಕಪ್ಪು ಬಟ್ಟೆಯೊಳಗೆ ಫ್ಯಾನ್ ಹಾಕುವಂತಿಲ್ಲ, ಕ್ಯಾಮೆರಾ ಅದುರುತ್ತದೆ. ಮಧ್ಯಾಹ್ನದ ಹೊತ್ತಿಗೆ ಕುತ್ತಿಗೆ ಕಲ್ಲು, ಬೆನ್ನು ಒದ್ದೆ. ಊಟದ ಡಬ್ಬಿ ತೆಗೆಯುವಾಗ ಪ್ಯಾಕಿಂಗಿನ ಹಳೆಯ ಗೆಳತಿಯರು ಕಾಲೆಳೆಯುತ್ತಾರೆ. "ಬಂದ್ರು ನೋಡ್ರೇ, ಗೂಡಿಂದ ಗೂಬೆ!"

"ಗೂಬೆಗೆ ಕತ್ತಲಲ್ಲೂ ಕಾಣುತ್ತೆ ಕಣ್ರೇ" ಎಂದು ಇವರು ಅವರ ಡಬ್ಬಿಗೇ ಕೈ ಹಾಕುತ್ತಾರೆ.

ಈ ವಾರ ಗೂಡಿನಲ್ಲಿ ನಗು ಕಡಿಮೆ. ದೊಡ್ಡದೊಂದು ಕುಕ್ಕರ್ ಕಂಪನಿ ಹೊಸ ಮಾದರಿಯ ಬಿಲ್ಲೆ ಕೇಳಿದೆ. ಯಂತ್ರ ಸರಿಯಾಗಿ ಆರಿಸುತ್ತದೆಯೇ ಎಂದು ನೋಡಲು ಅವರ ಪ್ರತಿನಿಧಿ ಇವತ್ತು ಹತ್ತು ಗಂಟೆಗೆ ಬರುತ್ತಾರೆ. ಮೆಚ್ಚಿದರೆ ವರ್ಷವಿಡೀ ಕೆಲಸ. ಮೆಚ್ಚದಿದ್ದರೆ ಬಿಲ್ಲೆ ಬೇರೆ ಕಡೆಯಿಂದ ತರಿಸಿಕೊಳ್ಳುತ್ತಾರೆ, ಈ ಗೂಡಿಗೆ ಬೀಗ ಬೀಳುತ್ತದೆ, ಮಸಿಯಕ್ಕ ಮತ್ತೆ ಟೇಪು ಹಚ್ಚುವ ಮೇಜಿಗೆ. ಇದನ್ನು ಮ್ಯಾನೇಜರು ಮುಚ್ಚುಮರೆಯಿಲ್ಲದೆ ಅವರಿಗೆ ಹೇಳಿದ್ದಾರೆ.

ವಾರದ ಆರಂಭವೇ ಎಡವಟ್ಟು. ಯಂತ್ರಕ್ಕೆ ತೋರಿಸಲು ಒಂದು ಒಳ್ಳೆಯ ಬಿಲ್ಲೆ ಬೇಕು ಎಂದಾಗ ಮ್ಯಾನೇಜರು ತಮ್ಮ ಮೇಜಿನ ಗಾಜಿನ ಡಬ್ಬಿಯಲ್ಲಿದ್ದದ್ದನ್ನೇ ತಂದುಕೊಟ್ಟರು. ಕಂಪನಿಯವರಿಗೆ ತೋರಿಸಲೆಂದು ಕೈಯಿಂದ ಉಜ್ಜಿ ಉಜ್ಜಿ ಹೊಳಪು ಬರಿಸಿದ ಬಿಲ್ಲೆ. ಲೈಟಣ್ಣ ಅದಕ್ಕೆ ಮನಸೋತು ದೀಪ ಹೊಂದಿಸಿದ. ಮಸಿಯಕ್ಕ ಚಿತ್ರ ಮೆಚ್ಚಿಕೊಂಡು ಮಾಸ್ಕ್ ಬರೆದರು. ಯಂತ್ರ ಶುರುವಾಯಿತು. ಉಫ್, ಉಫ್, ಉಫ್. ಬಂದದ್ದೆಲ್ಲ ಕೆಂಪು ಡಬ್ಬಿಗೆ. ಅಚ್ಚಿನಿಂದ ಬಿದ್ದು, ಒಂದಕ್ಕೊಂದು ತಿಕ್ಕಾಡಿಕೊಂಡು, ಸಣ್ಣಪುಟ್ಟ ಗಾಯ ಮಾಡಿಕೊಂಡು ಬರುವ ಸಾಮಾನ್ಯ ಬಿಲ್ಲೆಗಳ ಪೈಕಿ ಯಾವುದೂ ಆ ಸುಂದರಿಯನ್ನು ಹೋಲುತ್ತಿರಲಿಲ್ಲ.

"ಮೂರು ಜನ ಮೂರು ದಿಕ್ಕಿಗೆ ತಲೆ ಕೆರ್ಕೊಂಡ್ವಿ" ಎಂದು ಮಸಿಯಕ್ಕ ನಗುತ್ತಾರೆ. "ಮದುವೆ ಫೋಟೋ ತೋರಿಸಿ, ಬೆಳಿಗ್ಗೆ ಎದ್ದಾಗ ಗುರುತು ಹಿಡಿ ಅಂದ್ರೆ ನಮ್ಮ ಯಜಮಾನ್ರಿಗೇ ಆಗಲ್ಲ, ಪಾಪ ಯಂತ್ರ ಏನ್ ಮಾಡುತ್ತೆ?"

ರಾಶಿಯ ನಡುವಿನಿಂದ ಕೈಗೆ ಸಿಕ್ಕ ಒಂದು ಬಿಲ್ಲೆ ತೆಗೆದರು. ಗೀರನ್ನು ಭೂತಗನ್ನಡಿಯಲ್ಲಿ ನೋಡಿ ಖಚಿತ ಮಾಡಿಕೊಂಡು, ಹೊಸ ಚಿತ್ರ, ಹೊಸ ಮಾಸ್ಕ್. ಕೆಂಪು ಡಬ್ಬಿಗೆ ಬೀಳುವುದು ಕಡಿಮೆಯಾಯಿತು. ಆದರೆ ಪೂರ್ತಿ ನಿಲ್ಲಲಿಲ್ಲ. ಗೀರಿನ ಒಂದು ಬದಿಯಲ್ಲಿ, ಉಗುರಿನ ಚೂರಿನಂಥ ಒಂದು ಹೊಳಪು ಉಳಿಯಿತು. ಒಂದು ಬಿಲ್ಲೆಯಲ್ಲಿ ದಪ್ಪ, ಇನ್ನೊಂದರಲ್ಲಿ ತೆಳು. ಅದನ್ನು ಕಂಡಾಗಲೆಲ್ಲ ಯಂತ್ರ ಬೆಚ್ಚಿ, ಒಳ್ಳೆಯದನ್ನೂ ತಳ್ಳುತ್ತದೆ. ಬೆಳಗಿನ ಜಾವದಿಂದ ಇಬ್ಬರೂ ಗುದ್ದಾಡುತ್ತಿರುವುದು ಈ ಉಗುರಿನ ಜೊತೆಗೇ. ಹೊಳಪು ದೀಪದ್ದು, ದೀಪ ಬದಲಿಸಿದರೆ ಹೋಗುತ್ತದೆ ಎಂಬುದು ಲೈಟಣ್ಣನ ವಾದ. ಅವನು ಈಗ ಸ್ಟೂಲಿನಿಂದಿಳಿದು ಹಾಲುಬಿಳುಪಿನ ಪ್ಲಾಸ್ಟಿಕ್ ಮುಚ್ಚಳವೊಂದನ್ನು ಬ್ಲೇಡಿನಿಂದ ಕೊಯ್ಯುತ್ತಿದ್ದಾನೆ. ದೀಪದ ಮುಂದೆ ಅದನ್ನು ಕಟ್ಟಿದರೆ ಬೆಳಕು ಮೃದುವಾಗಿ ಹರಡೀತು.

"ಎಷ್ಟು ಹೊತ್ತು ಬೇಕೋ?"

"ಮಧ್ಯಾಹ್ನ ಆಗುತ್ತೆ ಅಕ್ಕ. ಕಟ್ಟಿದ ಮೇಲೆ ಹೊಸದಾಗಿ ಚಿತ್ರ ತೆಗೀಬೇಕಲ್ಲ."

ಎಂಟು ಗಂಟೆಗೆ ಕಪ್ಪು ಬಟ್ಟೆ ಸರಿಯುತ್ತದೆ. ಮ್ಯಾನೇಜರು. ಇಸ್ತ್ರಿ ಮಾಡಿದ ಅಂಗಿ, ನಿದ್ದೆಗೆಟ್ಟ ಕಣ್ಣು. ನೇರ ಕೆಂಪು ಡಬ್ಬಿಗೆ ಬಗ್ಗುತ್ತಾರೆ.

"ಇದರಲ್ಲಿ ನಿಜವಾಗ್ಲೂ ಕೆಟ್ಟಿದ್ದು ಎಷ್ಟು?"

"ಒಂದು ಸಾರ್. ಮಿಕ್ಕಿದ್ದೆಲ್ಲ ಹೊಳಪಿಗೆ ಹೆದರಿ ತಳ್ಳಿದ್ದು."

"ಹಾಗಾದ್ರೆ ಹೊಳಪು ಮುಚ್ಚಿಬಿಡಿ. ಒಂದು ನಿಮಿಷದ ಕೆಲಸ."

"ಅರ್ಧ ನಿಮಿಷ ಸಾಕು. ಆದ್ರೆ ಅದು ಕೂತಿರೋದು ಗೀರಿನ ಮೇಲೆ." ಮಸಿಯಕ್ಕ ಆ ಒಂದು ಕೆಟ್ಟ ಬಿಲ್ಲೆಯನ್ನು ಅಂಗೈಯಲ್ಲಿಟ್ಟು ಭೂತಗನ್ನಡಿ ಚಾಚುತ್ತಾರೆ. "ಇಲ್ಲಿ ನೋಡಿ. ಗೀರು ಬಿದ್ದೇ ಇಲ್ಲ. ಯಾವ ಜಾಗ ಇದು? ಅದೇ ಉಗುರಿನ ಜಾಗ. ಮುಚ್ಚಿದ್ರೆ ಇದು ಪಾಸಾಗಿ, ಒಳ್ಳೇದರ ಜೊತೆ ಹಸಿರು ಡಬ್ಬಿಗೆ ಹೋಗಿರೋದು."

ಮ್ಯಾನೇಜರು ಬಹಳ ಹೊತ್ತು ನೋಡುತ್ತಾರೆ. ಅವರಿಗೆ ಅರ್ಥವಾಗಿಲ್ಲ ಎಂದಲ್ಲ. ಈ ಕಾರ್ಖಾನೆಯಲ್ಲಿ ಅಚ್ಚಿನ ಕೆಲಸದಿಂದ ಮೇಲೆ ಬಂದ ಮನುಷ್ಯ, ಗೀರು ಎಂದರೇನು ಎಂದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. "ಗೊತ್ತು ಅಕ್ಕ. ಗೊತ್ತಿದ್ದೇ ಕೇಳ್ತಿದೀನಿ. ಹತ್ತು ಗಂಟೆಗೆ ಅವರು ಬಂದು ಕೆಂಪು ಡಬ್ಬಿ ತುಂಬಿರೋದು ನೋಡಿದ್ರೆ ಕೂರೋದೂ ಇಲ್ಲ. ಇವತ್ತೊಂದು ದಿನ ಮುಚ್ಚಿ. ನಾಳೆ ತೆಗೆದುಬಿಡಿ."

"ಸಾರ್, ಮುಚ್ಚಿ ಅಂತ ಈ ಗೂಡಿಗೆ ಎಷ್ಟೋ ಜನ ಬಂದಿದಾರೆ. ತೆಗೀರಿ ಅಂತ ಬಂದವರು ಒಬ್ಬರನ್ನ ತೋರಿಸಿ."

ಲೈಟಣ್ಣನ ಬ್ಲೇಡು ನಿಲ್ಲುತ್ತದೆ. ಮ್ಯಾನೇಜರು ಅವನ ಕಡೆ ನೋಡಿದ ಕೂಡಲೇ ಮತ್ತೆ ಚಲಿಸುತ್ತದೆ.

"ಕೆಂಪು ಡಬ್ಬಿಯನ್ನ ಅವರ ಮುಂದೇನೇ ಸುರೀತೀನಿ" ಎಂದು ಮಸಿಯಕ್ಕ ಮುಂದುವರಿಸುತ್ತಾರೆ. "ಒಂದೊಂದೇ ಭೂತಗನ್ನಡಿಯಲ್ಲಿ ನೋಡಿ ಆರಿಸ್ತೀನಿ. ಯಂತ್ರ ಇನ್ನೂ ಹೆದರುತ್ತೆ, ಆದ್ರೆ ಕೆಟ್ಟದ್ದನ್ನ ಬಿಡಲ್ಲ ಅಂತ ನಾನೇ ಹೇಳ್ತೀನಿ. ಮಧ್ಯಾಹ್ನ ದೀಪ ಸರಿಹೋಗುತ್ತೆ."

"ಯಂತ್ರ ಕೊಂಡಿದ್ದು ಕೈಯಲ್ಲಿ ಆರಿಸೋಕಾ ಅಂತ ಅವರು ಕೇಳಿದ್ರೆ?"

"ಕೇಳ್ಲಿ. ಉತ್ತರ ಇದೆ."

ಆ ಉತ್ತರ ಏನೆಂದು ಮ್ಯಾನೇಜರು ಕೇಳುವುದಿಲ್ಲ. ಸ್ಟೂಲನ್ನು ಎಳೆದುಕೊಂಡು ಕೂರುತ್ತಾರೆ. ದನಿ ತಗ್ಗುತ್ತದೆ. ಮಾಸ್ಕ್ ಬದಲಿಸಬೇಕಾದರೆ ಕಂಪ್ಯೂಟರು ಪಾಸ್‌ವರ್ಡ್ ಕೇಳುತ್ತದೆ. ಅದು ಗೊತ್ತಿರುವುದು ಮಸಿಯಕ್ಕನಿಗೆ ಮಾತ್ರ.

"ಹೀಗೆ ಮಾಡೋಣ. ನಿಮ್ಮ ಕೈಯಿಂದ ಆಗೋದು ಬೇಡ. ಪಾಸ್‌ವರ್ಡ್ ಹೇಳಿ, ನಾನು ಮುಚ್ತೀನಿ. ಮುಚ್ಚಿದ್ದು ನಾನು ಅಂತ ನನ್ನ ಹೆಸರಲ್ಲೇ ಬರೆದು ಸಹಿ ಹಾಕ್ತೀನಿ. ನೀವು ಈಗಲೇ ಮನೆಗೆ ಹೋಗಿ, ಸಂಬಳದ ರಜೆ. ಏನೇ ಆದ್ರೂ ನಿಮಗೂ ಅದಕ್ಕೂ ಸಂಬಂಧ ಇಲ್ಲ. ನಿಮ್ಮನ್ನ ಪ್ಯಾಕಿಂಗಿಗೂ ಕಳಿಸಲ್ಲ, ಇದು ನನ್ನ ಮಾತು." ಅವರು ಮಾತಿಗೆ ತಪ್ಪುವ ಮನುಷ್ಯ ಅಲ್ಲ. ಗೂಡಿನಲ್ಲಿರುವ ಮೂವರಿಗೂ ಅದು ಗೊತ್ತು. "ನಿಮ್ಮ ತಲೆ ಮೇಲೆ ಏನೂ ಬರಲ್ಲ ಅಕ್ಕ. ಪಾಸ್‌ವರ್ಡ್ ಒಂದು ಹೇಳಿ ಸಾಕು."

"ಇಲ್ಲ ಸಾರ್" ಎನ್ನುತ್ತಾರೆ ಮಸಿಯಕ್ಕ. "ನನ್ನ ತಲೆ ಮೇಲೆ ಬರಲ್ಲ, ಕುಕ್ಕರಿನ ಮುಂದೆ ನಿಂತವರ ಮುಖಕ್ಕೆ ಬರುತ್ತೆ. ಹೇಳಲ್ಲ."